ಮನೆಗಿಂತ ಮೊದಲು ಬೀದಿಯನ್ನು ನೋಡಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ, ಸರ್ಕಾರಿ ನೌಕರರ ವರ್ಗಾವಣೆ, ಹೊಸ ನೌಕರಿಯ ನೇಮಕಾತಿ ಪತ್ರ, ಜೂನ್‌ಗೆ ಆರಂಭವಾಗುವ ಶಾಲೆ ಎಲ್ಲವೂ ಒಟ್ಟಿಗೆ ಕೂಡಿಬರುವ ಈ ಬೇಸಿಗೆಯ ದಿನಗಳಲ್ಲಿ ರಾಜ್ಯದ ಮೂಲೆಮೂಲೆಯಿಂದ ಬೆಂಗಳೂರಿಗೆ ಮನೆ ಹುಡುಕಿಕೊಂಡು ಬರುವ ಕುಟುಂಬಗಳು ಬಹಳ. ಪತ್ರಿಕೆಗಳ ಆಸ್ತಿ ಪುರವಣಿಗಳೂ ಇದೇ ಕಾಲಕ್ಕೆ ದಪ್ಪವಾಗುತ್ತವೆ. ಮನೆ ಎಷ್ಟು ಚದರಡಿ, ಮಲಗುವ ಕೋಣೆಗಳು ಎಷ್ಟು, ಲಿಫ್ಟ್ ಇದೆಯೇ, ಜನರೇಟರ್ ಇದೆಯೇ, ವಿಮಾನ ನಿಲ್ದಾಣ ಎಷ್ಟು ದೂರ ಎಂಬುದನ್ನೆಲ್ಲ ಅವುಗಳಲ್ಲಿ ವಿವರವಾಗಿ ಓದಬಹುದು. ಆದರೆ ಆ ಮನೆಯ ಗೇಟು ತೆರೆದು ಹೊರಗೆ ಕಾಲಿಟ್ಟವರು ಆ ಕಾಲನ್ನು ಎಲ್ಲಿ ಊರಬೇಕು, ಬೀದಿಯಲ್ಲಿ ಎದುರಾಗುವ ಜನ ಅವರನ್ನು ಹೇಗೆ ಕಾಣುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೊಸ ಊರಿಗೆ ಬರುವವರು ಮನೆಯನ್ನು ನೋಡುವ ಮೊದಲು ಬೀದಿಯನ್ನು ನೋಡಬೇಕು, ಅದನ್ನು ನಡೆದೇ ನೋಡಬೇಕು ಎಂದು ಬಲವಾಗಿ ನಂಬಿರುವ ನಾನು, ಆ ನಂಬಿಕೆಗೆ ಕಾರಣಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ನಾನು ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಮಗಳ ನೌಕರಿಯ ಕಾರಣದಿಂದ ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ವಾಹನ ಓಡಿಸಲು ಬಾರದ ಕಾರಣ ಹಾಲು, ತರಕಾರಿ, ಔಷಧಿ, ಬ್ಯಾಂಕು, ಮೊಮ್ಮಗನ ಶಾಲೆ ಎಲ್ಲಕ್ಕೂ ಕಾಲ್ನಡಿಗೆಯೇ ಆಧಾರ. ನನ್ನ ಕೈಯಲ್ಲಿ ಓದಿದ ಮಕ್ಕಳು ಈಗ ಎಂಜಿನಿಯರ್, ನರ್ಸ್, ಬ್ಯಾಂಕ್ ನೌಕರ, ಬಸ್ ಕಂಡಕ್ಟರ್ ಆಗಿ ಈ ಊರಿಗೆ ಬರುತ್ತಿರುತ್ತಾರೆ. ಬರುವ ಮೊದಲು ಫೋನ್ ಮಾಡಿ, "ಟೀಚರ್, ಬೆಂಗಳೂರಾಗ ಯಾವ ಕಡೆ ಮನಿ ಮಾಡಿದ್ರ ಛಲೋ ಆಗ್ತದ್ರೀ?" ಎಂದು ಕೇಳುತ್ತಾರೆ. ಅವರ ಜೊತೆ ನಗರದ ನಾಲ್ಕೂ ದಿಕ್ಕಿನ ಬಡಾವಣೆಗಳನ್ನು ಸುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ಹಾಗೆ ಸುತ್ತುವಾಗ ಕಣ್ಣಿಗೆ ಬಿದ್ದ ಸಂಗತಿಗಳನ್ನೇ.

ಹಾಗೆ ಕೇಳುವವರ ಮನಸ್ಸಿನಲ್ಲಿ ಕೆಲವು ಲೆಕ್ಕಾಚಾರಗಳು ಮೊದಲೇ ಇರುತ್ತವೆ. ಆಫೀಸು ಎಷ್ಟು ದೂರ, ಬಾಡಿಗೆ ಎಷ್ಟು, ಕಾವೇರಿ ನೀರು ಬರುತ್ತದೆಯೋ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿಯೋ, ಕಾರು ನಿಲ್ಲಿಸಲು ಜಾಗವಿದೆಯೋ ಇಲ್ಲವೋ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮತ್ತೆ ಬರುವುದು ಕತ್ತಲಾದ ಮೇಲೆ. ಹಗಲಿಡೀ ಆ ಬಡಾವಣೆಯಲ್ಲಿ ಬದುಕಬೇಕಾದವರು ಊರಿನಿಂದ ಜೊತೆಗೆ ಬಂದ ಅಪ್ಪ ಅಮ್ಮ, ಶಾಲೆಗೆ ಹೋಗುವ ಮಕ್ಕಳು, ಊರಿನ ನೌಕರಿ ಬಿಟ್ಟು ಬಂದ ಹೆಂಡತಿ. ಊರಿನಲ್ಲಿ ಬೆಳಿಗ್ಗೆ ಎದ್ದು ಚಹಾದಂಗಡಿಯವರೆಗೆ ಹೋಗಿ, ಪೇಪರ್ ಓದಿ, ನಾಲ್ಕು ಜನರನ್ನು ಮಾತನಾಡಿಸಿ ಬರುತ್ತಿದ್ದ ಹಿರಿಯರು ಇಲ್ಲಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತುಬಿಟ್ಟಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮನೆಯಲ್ಲಿ ಎಲ್ಲ ಅನುಕೂಲವಿದ್ದರೂ ಇವರಿಗೇಕೆ ಬೇಸರ ಎಂದು ಮಕ್ಕಳು ಕೇಳುತ್ತಾರೆ. ಅನುಕೂಲವೆಲ್ಲ ಮನೆಯೊಳಗೇ ಉಳಿದಿದೆ. ಹೊರಗೆ ಹೋಗಿಬರಲು ದಾರಿಯಿಲ್ಲ.

ದಾರಿಯಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ನಗರದ ಆಗ್ನೇಯ ಭಾಗದ ಒಂದು ಬಡಾವಣೆಯಲ್ಲಿ ಮನೆ ನೋಡಲು ಹೋಗಿದ್ದೆ. ಮನೆ ಚೆನ್ನಾಗಿತ್ತು, ಗಾಳಿ, ಬೆಳಕು ಧಾರಾಳವಾಗಿದ್ದವು. ಬಸ್ ನಿಲ್ದಾಣ ಹತ್ತೇ ನಿಮಿಷದ ದಾರಿ ಎಂದು ಮನೆಯ ಮಾಲೀಕರು ಹೇಳಿದರು. ಆ ದಾರಿಯನ್ನೂ ನೋಡಿಬಿಡೋಣ ಎಂದು ಇಬ್ಬರೂ ಹೊರಟೆವು. ಮೊದಲ ಮನೆಯವರು ತಮ್ಮ ಮುಂದಿನ ಫುಟ್‌ಪಾತಿಗೆ ಕಬ್ಬಿಣದ ಜಾಲರಿ ಸುತ್ತಿ ದಾಸವಾಳ, ಕ್ರೋಟನ್ ಗಿಡ ಬೆಳೆಸಿದ್ದರು. ಪಕ್ಕದ ಮನೆಯವರು ಕಾರು ಹತ್ತಿಸಿಕೊಳ್ಳಲು ಗೇಟಿನಿಂದ ಟಾರು ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಹಾಕಿಸಿದ್ದರು. ಅದರ ಮೇಲೆ ಅಡ್ಡಡ್ಡ ನಡೆಯುವವರ ಪಾದ ಒಂದು ಕಡೆಗೆ ಜಾರುತ್ತದೆ. ಅಲ್ಲಿಂದ ಮುಂದೆ ಚರಂಡಿಯ ಮೇಲಿನ ಕಲ್ಲು ಚಪ್ಪಡಿಯೊಂದು ಒಳಗೆ ಕುಸಿದಿತ್ತು. ಕತ್ತಲಲ್ಲಿ ಯಾರೂ ಬೀಳದಿರಲಿ ಎಂದು ಯಾರೋ ಪುಣ್ಯಾತ್ಮರು ಆ ಗುಂಡಿಯಲ್ಲಿ ಒಂದು ಮರದ ಕೊಂಬೆ ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಆಮೇಲೆ ವಿದ್ಯುತ್ ಟ್ರಾನ್ಸ್‌ಫಾರ್ಮರ್, ಅದರ ಬೇಲಿ, ಬೇಲಿಯ ಬುಡದಲ್ಲಿ ಕಸದ ರಾಶಿ. ಕಂಬದಿಂದ ಇಳಿಬಿದ್ದ ಇಂಟರ್‌ನೆಟ್ ಕೇಬಲ್ಲಿನ ಸುರುಳಿ ಮುಖದ ಮಟ್ಟದಲ್ಲಿ ತೂಗಾಡುತ್ತಿತ್ತು. ತಿರುವಿನಲ್ಲಿ ಯಾರದೋ ಹೊಸ ಕಟ್ಟಡದ ಜಲ್ಲಿ ಮತ್ತು ಎಂ ಸ್ಯಾಂಡ್. ಹೆಜ್ಜೆಹೆಜ್ಜೆಗೂ ಫುಟ್‌ಪಾತ್ ಇಳಿದು ರಸ್ತೆಯಂಚಿಗೆ ಬರಬೇಕು, ಹಿಂದಿನಿಂದ ನೀರಿನ ಟ್ಯಾಂಕರ್ ಹಾರನ್ ಮಾಡಿದರೆ ಮತ್ತೆ ಹತ್ತಬೇಕು. ಆ ಹುಡುಗಿ ಆಗ ಆರು ತಿಂಗಳ ಬಸುರಿ. ಅರ್ಧ ದಾರಿಯಲ್ಲೇ ನಿಂತು, "ಇಲ್ಲಿ ಬ್ಯಾಡ್ರೀ ಟೀಚರ್" ಎಂದಳು. ಆ ಮನೆ ಕೈಬಿಟ್ಟೆವು.

ಇದರಲ್ಲಿ ಯಾವುದೂ ಕಾನೂನು ಒಪ್ಪುವಂಥದ್ದಲ್ಲ ಎಂಬುದನ್ನು ಓದುಗರು ತಿಳಿದಿರಬೇಕು. ದೇಶದ ರಸ್ತೆಗಳಿಗೆ ತಾಂತ್ರಿಕ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಯಾವ ಅಡೆತಡೆಯೂ ಇಲ್ಲದ ನಡಿಗೆಯ ಜಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು ಮತ್ತು ಅದರ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಸುಮಾರು ಆರಡಿ ಅಗಲ, ಅರ್ಧ ಅಡಿ ಎತ್ತರ. ಮೊಣಕಾಲು ನೋವಿನವರಿಗೆ ಅಗಲಕ್ಕಿಂತಲೂ ಈ ಅರ್ಧ ಅಡಿಯ ಮಾತು ಮುಖ್ಯ. ಒಂದೂವರೆ ಅಡಿ ಎತ್ತರದ ಫುಟ್‌ಪಾತ್ ಎಷ್ಟೇ ಅಗಲವಾಗಿದ್ದರೂ ಅವರು ಅದನ್ನು ಹತ್ತುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತನ್ನು ಬಳಸುವ ಪಾದಚಾರಿಗಳ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಆಗಿದೆ ಎಂದು ಸ್ಪಷ್ಟವಾಗಿ ಹೇಳಿದೆ. ಹಕ್ಕು ಕಾಗದದ ಮೇಲೆ ಇದೆ. ಅದು ಯಾವ ಬೀದಿಯಲ್ಲಿ ನೆಲಕ್ಕಿಳಿದಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನಾವೇ ನಡೆದು ಕಂಡುಕೊಳ್ಳಬೇಕಾಗಿದೆ.

ಬೆಂಗಳೂರಿನಲ್ಲಿ ಅಂಥ ಬೀದಿಗಳು ಇಲ್ಲದಿಲ್ಲ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಸಾವು ಹೆಚ್ಚಿದಾಗ, ಜನರಿಗೆ ಗಾಳಿ ಬೆಳಕು ಸಿಗುವ ಹೊಸ ವಸತಿ ಪ್ರದೇಶಗಳು ಬೇಕೆಂದು ಅಂದಿನ ಮೈಸೂರು ಸರ್ಕಾರ ಮುಂದಾದ ಫಲವಾಗಿ ಮಲ್ಲೇಶ್ವರ ಮತ್ತು ಬಸವನಗುಡಿ ಬೆಳೆದವು. ಉದ್ದಕ್ಕೆ ಮೇನ್‌ಗಳು, ಅಡ್ಡಕ್ಕೆ ಕ್ರಾಸ್‌ಗಳು, ಮನೆಗಳ ಹಿಂಬದಿಗೆ ಕಸ, ಹೊಲಸು ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ನಡುವೆ ಮಾರುಕಟ್ಟೆ, ದೇವಸ್ಥಾನ, ಶಾಲೆ, ಉದ್ಯಾನ. ಇವನ್ನು ರೂಪಿಸಿದ ಕಾಲದಲ್ಲಿ ಹೆಚ್ಚಿನ ಜನ ನಡೆದೇ ಓಡಾಡುತ್ತಿದ್ದರು. ಹಾಗಾಗಿ ಯಾವುದೂ ನಡೆಯುವ ದೂರವನ್ನು ಮೀರುವಂತಿರಲಿಲ್ಲ. ಕ್ರಾಸ್‌ಗಳು ಹತ್ತಿರ ಹತ್ತಿರ ಇರುವುದರ ಲಾಭ ನಕ್ಷೆಯಲ್ಲಿ ಕಾಣುವುದಿಲ್ಲ, ನಡೆಯುವಾಗ ಗೊತ್ತಾಗುತ್ತದೆ. ಒಂದು ಬೀದಿ ಅಗೆದಿದ್ದರೆ ಪಕ್ಕದ ಬೀದಿಯಿದೆ. ಒಂದು ಬೀದಿಯಲ್ಲಿ ವಾಹನ ಹೆಚ್ಚಿದ್ದರೆ ಇನ್ನೊಂದರಲ್ಲಿ ಮರದ ನೆರಳಿದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಜನಜಂಗುಳಿ ಬೇಡವೆನಿಸಿದವರು ಒಂದು ತಿರುವು ತೆಗೆದುಕೊಂಡರೆ ಹಕ್ಕಿ ಕೂಗುವುದು ಕೇಳುವ ಬೀದಿಗೆ ಬಂದಿರುತ್ತಾರೆ. 1948ರಲ್ಲಿ ಅಸ್ತಿಭಾರ ಹಾಕಿದ ಜಯನಗರದಲ್ಲಿ ಬ್ಲಾಕ್‌ಗಳನ್ನು ಮಾಡಿ ಉದ್ಯಾನ, ಮಾರುಕಟ್ಟೆ, ಶಾಲೆಗಳನ್ನು ಹಂಚಿಟ್ಟದ್ದು ಕೂಡ ಇದೇ ತಿಳಿವಳಿಕೆಯಿಂದ; ಇವತ್ತಿಗೂ ಅಲ್ಲಿನ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣಕ್ಕೆ ಸುತ್ತಲಿನ ಹಿರಿಯರು ಚೀಲ ಹಿಡಿದು ನಡೆದೇ ಬರುತ್ತಾರೆ.

ಹಾಗೆಂದು ಎಲ್ಲರೂ ಮಲ್ಲೇಶ್ವರಕ್ಕೋ ಬಸವನಗುಡಿಗೋ ಬನ್ನಿ ಎಂದು ನಾನು ಹೇಳುತ್ತಿಲ್ಲ. ಹೊಸದಾಗಿ ನೌಕರಿ ಸೇರಿದವರ ಸಂಬಳಕ್ಕೆ ಅಲ್ಲಿನ ಬಾಡಿಗೆ ನಿಲುಕುವುದಿಲ್ಲ. ಅಲ್ಲಿಯೂ ಒಂದು ಮನೆಯಿದ್ದ ನಿವೇಶನದಲ್ಲಿ ಎಂಟು ಫ್ಲ್ಯಾಟುಗಳು ಎದ್ದು, ಬೀದಿಯ ಎರಡೂ ಬದಿ ಕಾರುಗಳ ಸಾಲಾಗಿದೆ. ನಾನು ಹೇಳುವುದು, ಹಳೆಯ ಬಡಾವಣೆಗಳು ಯಾವ ಗುಣದಿಂದ ನಡೆಯಲು ಹಿತವಾಗಿವೆಯೋ ಆ ಗುಣವನ್ನು ಬೇರೆ ಕಡೆಯಲ್ಲೂ ಹುಡುಕಬಹುದು ಎಂದು. ಬೆಂಗಳೂರು ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಹಳ್ಳಿಗಳು ನೂರಾರು. ಎಡಿಯೂರು, ಹಲಸೂರು, ಕೊಡಿಗೇಹಳ್ಳಿ, ಜಕ್ಕೂರಿನಂಥ ಊರುಗಳ ಹಳೆಯ ಭಾಗಗಳಲ್ಲಿ ಬೀದಿ ಕಿರಿದು, ಫುಟ್‌ಪಾತ್ ಇಲ್ಲವೇ ಇಲ್ಲ ಎನ್ನಬಹುದು. ಆದರೂ ವಾಹನಗಳು ವೇಗವಾಗಿ ಹೋಗಲಾರದ ಆ ಓಣಿಗಳಲ್ಲಿ ಜನ ನಿರಾತಂಕವಾಗಿ ನಡೆಯುತ್ತಾರೆ, ಅಂಗಡಿಗಳು ಮನೆಗಳ ನಡುವೆಯೇ ಇವೆ. ವೈಟ್‌ಫೀಲ್ಡ್ ಎಂದರೆ ಗಾಜಿನ ಕಟ್ಟಡ ಮತ್ತು ವಾಹನ ದಟ್ಟಣೆ ಎಂದೇ ಎಲ್ಲರ ಭಾವನೆ. ಆದರೆ 1880ರ ದಶಕದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ವೃತ್ತಾಕಾರದಲ್ಲಿ ಕಟ್ಟಿಕೊಂಡ ಹಳೆಯ ಊರಿನ ಇನ್ನರ್ ಸರ್ಕಲ್ ಇಂದಿಗೂ ನಡೆದಾಡಲು ಯೋಗ್ಯವಾಗಿದೆ.

ಇದಕ್ಕೆ ವಿರುದ್ಧವಾದುದು ನಗರದಂಚಿನ ರೆವಿನ್ಯೂ ಬಡಾವಣೆಗಳ, ಅಂದರೆ ಯೋಜನಾ ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಎದ್ದ ಬಡಾವಣೆಗಳ ಸ್ಥಿತಿ. ಒಬ್ಬೊಬ್ಬ ರೈತನ ಹೊಲ ಒಂದೊಂದು ಕಾಲದಲ್ಲಿ ಮಾರಾಟವಾಗಿ, ಕೊಂಡವರು ತಮ್ಮ ತಮ್ಮ ಹೊಲದ ಮಟ್ಟಿಗೆ ರಸ್ತೆ ಬಿಟ್ಟುಕೊಂಡಿರುವುದರಿಂದ ಒಂದು ಬಡಾವಣೆಯ ರಸ್ತೆ ಇನ್ನೊಂದರ ಕಾಂಪೌಂಡ್ ಗೋಡೆಗೆ ಬಡಿದು ನಿಲ್ಲುತ್ತದೆ. ಕಣ್ಣೆದುರಿಗೇ ಕಾಣುವ ಔಷಧಿ ಅಂಗಡಿಗೆ ಮುಖ್ಯರಸ್ತೆ ಬಳಸಿ ಹೋಗಬೇಕಾಗುತ್ತದೆ. ಎತ್ತರದ ಗೋಡೆಯೊಳಗಿನ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಚೆಂದದ ವಾಕಿಂಗ್ ಟ್ರ್ಯಾಕ್ ಇರುತ್ತದೆ, ನಿಜ. ಆದರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲುವ ಆ ಪಥ ವ್ಯಾಯಾಮಕ್ಕೆ ಸಾಕೇ ಹೊರತು ಒಂದು ಕಟ್ಟು ಕೊತ್ತಂಬರಿ ತರಲು ಸಾಲದು. ಮುಖ್ಯ ದ್ವಾರದ ಹೊರಗೆ ಏನಿದೆ ಎಂಬುದನ್ನು ನೋಡದೆ ಅಂಥ ಕಡೆ ಮನೆ ಹಿಡಿದವರು ಸಣ್ಣ ಸಾಮಾನಿಗೂ ಕಾರು ತೆಗೆಯುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ.

ದೊಡ್ಡ ರಸ್ತೆಗಳನ್ನು ದಾಟುವ ಬಗೆಯನ್ನೂ ಮನೆ ಹಿಡಿಯುವ ಮುನ್ನ ನೋಡಿಕೊಳ್ಳಬೇಕು. ಹೊರವರ್ತುಲ ರಸ್ತೆಯ ಆಚೆಗಿನ ಶಾಲೆ ನಕ್ಷೆಯಲ್ಲಿ ಮುನ್ನೂರು ಮೀಟರ್ ದೂರದಲ್ಲಿರಬಹುದು. ಸ್ಕೈವಾಕ್ ಎಲ್ಲಿದೆ, ಅದರ ಲಿಫ್ಟ್ ಕೆಲಸ ಮಾಡುತ್ತಿದೆಯೇ, ಸಿಗ್ನಲ್ಲಿನಲ್ಲಿ ನಡೆಯುವವರಿಗೆ ಬಿಡುವ ಸಮಯದಲ್ಲಿ ಮಗುವಿನ ಕೈ ಹಿಡಿದು ಆಚೆ ಬದಿ ಮುಟ್ಟಬಹುದೇ ಎಂಬುದರ ಮೇಲೆ ನಿಜವಾದ ದೂರ ನಿಂತಿದೆ. ಮೆಟ್ರೊ ವಿಷಯವೂ ಹಾಗೆಯೇ. 2011ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ ಶುರುವಾದ ನಮ್ಮ ಮೆಟ್ರೊ ಈಗ ಒಂದು ಕಡೆ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಇನ್ನೊಂದು ಕಡೆ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ, 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೂ ಓಡುತ್ತಿದೆ. ಈ ಮಾರ್ಗಗಳ ಪಕ್ಕದ ಮನೆಗಳ ಜಾಹೀರಾತಿನಲ್ಲಿ "ಮೆಟ್ರೊಗೆ ಐದೇ ನಿಮಿಷ" ಎಂಬ ಮಾತು ಇದ್ದೇ ಇರುತ್ತದೆ. ಅದು ನಡಿಗೆಯ ಐದು ನಿಮಿಷವೋ, ಬೈಕಿನದೋ ಎಂದು ಕೇಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಖರ್ಚಿಲ್ಲ. ಆದರೆ ಬಸ್ ನಿಲ್ದಾಣದವರೆಗೆ ಬೆಳಕಿರುವ, ಜನ ಓಡಾಡುವ ದಾರಿಯಿಲ್ಲದಿದ್ದರೆ ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಬಸ್ಸಿನಲ್ಲಿ ಉಳಿಸಿದ ದುಡ್ಡನ್ನು ಆಟೊಗೆ ಕೊಡುತ್ತಾಳೆ.

ಹೀಗಾಗಿ ನಾನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಬ್ರೋಕರ್ ಕರೆದ ಭಾನುವಾರದ ಮಧ್ಯಾಹ್ನ ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಎಲ್ಲ ಬೀದಿಗಳೂ ಶಾಂತವಾಗಿಯೇ ಇರುತ್ತವೆ. ವಾರದ ದಿನ ಬೆಳಿಗ್ಗೆ ಶಾಲಾ ವಾಹನಗಳು ಓಡಾಡುವಾಗ ಒಮ್ಮೆ ಹೋಗಿ. ಬೈಕಿನವರು ಫುಟ್‌ಪಾತ್ ಹತ್ತುತ್ತಾರೋ ಇಲ್ಲವೋ ಆಗ ತಿಳಿಯುತ್ತದೆ. ರಾತ್ರಿ ಎಂಟೂವರೆಗೆ ಇನ್ನೊಮ್ಮೆ ಹೋಗಿ. ಒಂಟಿ ಹೆಂಗಸರು ನಡೆದು ಹೋಗುತ್ತಿದ್ದಾರೆಯೇ, ಬೀದಿ ದೀಪ ಉರಿಯುತ್ತಿದೆಯೇ, ನಾಯಿಗಳು ಎಷ್ಟಿವೆ ನೋಡಿ. ಸಾಧ್ಯವಾದರೆ ಒಂದು ಜೋರು ಮಳೆ ಬಂದ ಮರುದಿನ ಹೋಗಿ. ಭೂಗೋಳ ಕಲಿಸಿದವಳಾಗಿ ಈ ಕೊನೆಯದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಹರಡಿಕೊಂಡ ಈ ಊರಿನ ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯತ್ತ, ಪೂರ್ವದ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ಒತ್ತಿ ಕಟ್ಟಿದ ತಗ್ಗಿನ ಬಡಾವಣೆಗಳಲ್ಲಿ ಏನಾಗುತ್ತದೆ ಎಂಬುದನ್ನು 2022ರ ಸೆಪ್ಟೆಂಬರ್‌ನಲ್ಲಿ ನಾವೆಲ್ಲ ಕಂಡೆವು. ಬೆಳ್ಳಂದೂರಿನ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅಷ್ಟು ದೊಡ್ಡ ಮಳೆಯೇ ಬೇಕೆಂದಿಲ್ಲ. ಸಾಧಾರಣ ಮಳೆಗೂ ಬೀದಿಯ ತುದಿಯಲ್ಲಿ ಮೊಣಕಾಲು ನೀರು ನಿಲ್ಲುವುದಾದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಮನೆಯ ಹಿರಿಯರು ಹೊರಬೀಳುವುದಿಲ್ಲ.

ಇನ್ನು ಬೀದಿ ನಮ್ಮನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬ ಮಾತು. ಇದನ್ನು ಬರೆಯಲು ಮನಸ್ಸಿಗೆ ನೋವಾಗುತ್ತದೆ, ಆದರೂ ಬರೆಯಲೇಬೇಕು. ಬಾಡಿಗೆಗೆ ಮನೆ ಕೇಳಲು ಹೋದಾಗ ಹೆಸರು, ನೌಕರಿ ವಿಚಾರಿಸಿದ ಮೇಲೆ ಬರುವ ಮೂರನೆಯ ಪ್ರಶ್ನೆ, "ನೀವು ಯಾವ ಜನ?" ನನ್ನ ಜೊತೆ ಬಂದಿದ್ದ ಹುಡುಗನೊಬ್ಬ, ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಕ್ಷೆ ಬರೆಯುತ್ತಿದ್ದವನು, ಆ ಪ್ರಶ್ನೆಗೆ ನೇರವಾಗಿ ಉತ್ತರಿಸಿದ. ಅದುವರೆಗೆ ಕಾಫಿ ಕೊಟ್ಟು, ಮಹಡಿ ತೋರಿಸಿ, ಮುಂದಿನ ವಾರವೇ ಬನ್ನಿ ಎಂದಿದ್ದ ಯಜಮಾನರು ಒಳಗೆ ಹೋಗಿ ಬಂದು, ಮನೆ ನೆಂಟರಿಗೆ ಬೇಕಾಗಿದೆಯಂತೆ ಎಂದರು. ನಾವು ಮೆಟ್ಟಿಲಿಳಿದು ಬರುವಾಗ ಅವನು ನನ್ನ ಮುಖ ನೋಡಲಿಲ್ಲ. ಬಾಡಿಗೆಗಿದೆ ಎಂಬ ಬೋರ್ಡು ಗೇಟಿನಲ್ಲಿ ಆಮೇಲೂ ತೂಗುತ್ತಿತ್ತು. ಮುಸ್ಲಿಮರಿಗೆ, ಒಂಟಿ ಹೆಣ್ಣುಮಕ್ಕಳಿಗೆ, ಈಶಾನ್ಯ ರಾಜ್ಯಗಳಿಂದ ಬಂದ ಯುವಕರಿಗೆ ಇದೇ ಅನುಭವ ಬೇರೆ ಬೇರೆ ಮಾತುಗಳಲ್ಲಿ ಆಗುತ್ತದೆ. ಅಸ್ಪೃಶ್ಯತೆಯ ಕಾರಣದಿಂದ ಯಾರನ್ನೇ ಆಗಲಿ ಯಾವುದೇ ಪ್ರದೇಶದ ಮನೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಆದರೆ ನೆಂಟರಿಗೆ ಬೇಕು ಎಂಬ ಸುಳ್ಳನ್ನು ಠಾಣೆಯಲ್ಲಿ ಸಾಬೀತು ಮಾಡುವುದು ಹೇಗೆ? ಬಸವಣ್ಣನವರ "ಇವನಾರವ ಇವನಾರವ" ವಚನವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ನಾಡಿನಲ್ಲಿ, ಆ ವಚನ ಬೇಡವೆಂದ ಪ್ರಶ್ನೆಯನ್ನೇ ಮೊದಲು ಕೇಳಿ ಮನೆಯ ಬಾಗಿಲು ತೆರೆಯುವುದು ನನಗೆ ಅತ್ಯಂತ ಖೇದದ ಸಂಗತಿ.

ಆ ಹುಡುಗನಿಗೆ ಕೊನೆಗೆ ಮನೆ ಸಿಕ್ಕಿದ್ದು ಯಶವಂತಪುರದ ಕಡೆಯ ಒಂದು ಹಳೆಯ ಬೀದಿಯಲ್ಲಿ. ಮೇಲೆ ಕೆಳಗೆ ನಾಲ್ಕು ಬಾಡಿಗೆ ಮನೆಗಳಿರುವ ಕಟ್ಟಡದ ಒಡತಿ, ವಯಸ್ಸಾದ ತಾಯಿ, ಕೇಳಿದ್ದು ಎರಡೇ ಮಾತು: ಬಾಡಿಗೆಯನ್ನು ಐದನೇ ತಾರೀಖಿನೊಳಗೆ ಕೊಡುತ್ತೀಯಾ, ರಾತ್ರಿ ತಡವಾದರೆ ಗೇಟು ಹಾಕಿಕೊಂಡು ಬರುತ್ತೀಯಾ. ಆ ಬೀದಿಯಲ್ಲಿ ಮೆಕ್ಯಾನಿಕ್, ಹೂ ಮಾರುವವರು, ಬಿಹಾರದ ಬಡಗಿ, ಮಂಡ್ಯದ ಪೊಲೀಸ್ ಪೇದೆ ಎಲ್ಲರೂ ಇದ್ದಾರೆ. ಹಲವು ಬಗೆಯ ಜನ, ಹಲವು ಬಗೆಯ ಬಾಡಿಗೆಯ ಮನೆಗಳು, ತಳಮಹಡಿಯಲ್ಲಿ ಸಣ್ಣ ಅಂಗಡಿಗಳು ಇರುವ ಬೀದಿ ಹೊಸಬರನ್ನು ಬೇಗ ಒಪ್ಪಿಕೊಳ್ಳುತ್ತದೆ ಎಂಬುದು ನಾನು ಕಂಡುಕೊಂಡ ವಿಚಾರ. ಒಂದೇ ಬಗೆಯ ಜನ ಒಂದೇ ಬಗೆಯ ಮನೆಗಳಲ್ಲಿರುವ ಕಡೆ, ಬೀದಿ ಎಷ್ಟೇ ಸ್ವಚ್ಛವಾಗಿದ್ದರೂ, ಹೊಸ ಮುಖ ಕಂಡರೆ ಕಿಟಕಿಯಿಂದ ಇಣುಕಿ ನೋಡುತ್ತಾರೆ.

ನಡೆಯಲು ಬರುವ ಬೀದಿಗೂ ಹೊಸಬರನ್ನು ಒಪ್ಪಿಕೊಳ್ಳುವ ಬೀದಿಗೂ ಇರುವ ನಂಟು ಇಲ್ಲಿಯೇ. ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಡೆಯುವವರ ಮುಖ ಒಂದು ತಿಂಗಳಲ್ಲಿ ಪರಿಚಯವಾಗುತ್ತದೆ, ಎರಡನೆಯ ತಿಂಗಳಲ್ಲಿ ಮಾತು ಬರುತ್ತದೆ. ನಮ್ಮ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುವ ಹೆಂಗಸು, ಪಕ್ಕದ ಕಟ್ಟಡಕ್ಕೆ ಒಡಿಶಾದಿಂದ ಬಂದ ಸೊಸೆಗೆ ದಂಟು, ಅರಿವೆ, ಸಬ್ಬಸಿಗೆ, ಮೆಂತ್ಯ ಎಂದು ಒಂದೊಂದೇ ಕಟ್ಟನ್ನು ಕೈಗೆ ಕೊಟ್ಟು ಹೆಸರು ಹೇಳಿಸುತ್ತಿದ್ದಳು. ಆ ಹುಡುಗಿ ಈಗ ನನ್ನೊಡನೆ ಕನ್ನಡದಲ್ಲೇ ಮಾತನಾಡುತ್ತಾಳೆ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂಬ ದೂರು ತಮ್ಮ ಪತ್ರಿಕೆಯ ಇದೇ ಅಂಕಣದಲ್ಲಿ ಎಷ್ಟೋ ಸಲ ಬಂದಿದೆ, ಅದು ನ್ಯಾಯವಾದ ದೂರೂ ಹೌದು. ಆದರೆ ಹದಿನಾಲ್ಕನೆಯ ಮಹಡಿಯ ಬಾಗಿಲಿಗೆ ಹತ್ತು ನಿಮಿಷದಲ್ಲಿ ಎಲ್ಲವೂ ಬಂದು ಬೀಳುವ ಕಡೆ ಅವರಿಗೆ ಕನ್ನಡ ಕಿವಿಗೆ ಬೀಳುವುದಾದರೂ ಎಲ್ಲಿ? ಬೀದಿ ಬದಿ ವ್ಯಾಪಾರಿಗಳೇ ಫುಟ್‌ಪಾತಿಗೆ ಅಡ್ಡಿ ಎಂದು ದೂರುವವರು ಬಹಳ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಬದುಕುವ ಜಾಗ ಗುರುತಿಸಿಕೊಡಬೇಕೆಂದು ಹೇಳುತ್ತದೆ. ರಾತ್ರಿ ಒಂಬತ್ತರವರೆಗೆ ದೀಪ ಹಚ್ಚಿಕೊಂಡು ಕೂರುವ ಆ ಜನರಿಂದಲೇ ಎಷ್ಟೋ ಹೆಣ್ಣುಮಕ್ಕಳು ಧೈರ್ಯವಾಗಿ ಮನೆ ಸೇರುತ್ತಾರೆ. ಅಗಲವಾದ ಫುಟ್‌ಪಾತಿನಲ್ಲಿ ಇಬ್ಬರಿಗೂ ಜಾಗವಿದೆ. ನಿಜವಾಗಿ ಜಾಗ ತಿನ್ನುತ್ತಿರುವುದು ಅದರ ಮೇಲೆ ಹತ್ತಿಸಿ ನಿಲ್ಲಿಸಿದ ವಾಹನಗಳು.

ಒಮ್ಮೆ ಮನೆ ಹಿಡಿದರೆ ಬಿಡುವುದು ಸುಲಭವಲ್ಲ ಎಂಬ ಕಾರಣಕ್ಕೂ ಮೊದಲೇ ಬೀದಿ ನೋಡುವುದು ಅಗತ್ಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಅದು ಹೆಸರೇ ಹೇಳುವಂತೆ ಮಾದರಿ ಮಾತ್ರ. ಊರಿನ ಸೊಸೈಟಿಯಲ್ಲಿ ಸಾಲ ಮಾಡಿ ಅಡ್ವಾನ್ಸ್ ಕಟ್ಟಿದ ಕುಟುಂಬ, ಹನ್ನೊಂದು ತಿಂಗಳ ಕರಾರಿನ ನಡುವೆ ಮನೆ ಬಿಟ್ಟರೆ ಬಣ್ಣ ಬಳಿಯುವ ಖರ್ಚು ಮುಂತಾದ ಲೆಕ್ಕದಲ್ಲಿ ಹಣ ಕಳೆದುಕೊಳ್ಳುವ ಭಯದಿಂದ ಹೊಂದದ ಜಾಗದಲ್ಲೇ ವರ್ಷಗಟ್ಟಲೆ ಉಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ತಮ್ಮ ಆಸ್ತಿ ಪುರವಣಿಯಲ್ಲಿ ವಾರಕ್ಕೊಂದು ಬಡಾವಣೆಯನ್ನು ನಡೆಯುವವರ ಕಣ್ಣಿನಿಂದ ಪರಿಚಯಿಸಿ. ವರದಿಗಾರರು ಅಲ್ಲಿನ ಒಬ್ಬ ಹಿರಿಯರು, ಒಬ್ಬ ಶಾಲಾ ಬಾಲಕಿ, ಗಾಲಿಕುರ್ಚಿ ಬಳಸುವ ಒಬ್ಬರ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಕಂಡದ್ದನ್ನು ಬರೆಯಲಿ. ಬಾಡಿಗೆದಾರರನ್ನು ಮಾತನಾಡಿಸಿ ಆ ಬೀದಿ ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನೂ ದಾಖಲಿಸಲಿ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ಅಗಲವಾದ ಫುಟ್‌ಪಾತ್ ಕಟ್ಟಿ, ಕೇಬಲ್‌ಗಳನ್ನು ನೆಲದಡಿಗೆ ಇಳಿಸಬಹುದೆಂದು ತೋರಿಸಿ ಎಷ್ಟೋ ವರ್ಷಗಳಾದವು. ಆ ಸೌಲಭ್ಯ ನಗರದ ನಡುವಿನ ಆಫೀಸು, ಅಂಗಡಿಗಳ ರಸ್ತೆಗಳಿಗೆ ಸಿಕ್ಕಷ್ಟು ಜನ ವಾಸಿಸುವ ಬಡಾವಣೆಗಳಿಗೆ ಸಿಕ್ಕಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ನಗರವನ್ನು ಐದಾಗಿ ಹಂಚಿದ್ದು ಆಡಳಿತ ಜನರ ಹತ್ತಿರ ಬರಲೆಂದು ಎಂದಾದರೆ, ಆ ಪಾಲಿಕೆಗಳು ಪ್ರತಿ ವಾರ್ಡಿನಲ್ಲಿ ಯಾವ ಬೀದಿಗೆ ನಡೆಯಲು ಬರುವ ಫುಟ್‌ಪಾತ್ ಇದೆ, ಯಾವುದಕ್ಕಿಲ್ಲ ಎಂಬ ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಲಿ. ದುರಸ್ತಿಯನ್ನು ಸರ್ಕಾರಿ ಶಾಲೆಗಳ ಸುತ್ತಲಿನ ಬೀದಿಗಳಿಂದ ಆರಂಭಿಸಲಿ. ಆ ಮಕ್ಕಳಲ್ಲಿ ಹೆಚ್ಚಿನವರು ನಡೆದೇ ಬರುತ್ತಾರೆ, ಅವರಲ್ಲಿ ಅನೇಕರ ಕುಟುಂಬಗಳು ಈ ಊರಿಗೆ ಹೊಸದಾಗಿ ಬಂದವು; ಜೂನ್‌ನಲ್ಲಿ ಗಂಟೆ ಬಾರಿಸುವುದರೊಳಗೆ ಚರಂಡಿಯ ಕುಸಿದ ಚಪ್ಪಡಿಗಳನ್ನು ಬದಲಿಸುವ ಕೆಲಸವನ್ನಾದರೂ ಮುಗಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕಿ, ಬೆಂಗಳೂರು